ಮಕ್ಕಳ ಪಾಲನಾ ಸಂಸ್ಥೆಗಳು ಹಾಗೂ ಕುಟುಂಬಗಳಿಗೆ ದೊರೆಯುವ ನೆರವು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹದಿನೆಂಟು ವರ್ಷ ತುಂಬದ ಪ್ರತಿಯೊಬ್ಬ ವ್ಯಕ್ತಿಯನ್ನೂ ಕಾನೂನು ಮಗುವೆಂದು ಪರಿಗಣಿಸುತ್ತದೆ. ತಂದೆ ತಾಯಿಯರನ್ನು ಕಳೆದುಕೊಂಡ, ತೊರೆಯಲ್ಪಟ್ಟ, ಮನೆ ಬಿಟ್ಟು ಬಂದ, ದುಡಿಮೆಗೆ ಅಥವಾ ಭಿಕ್ಷಾಟನೆಗೆ ದೂಡಲ್ಪಟ್ಟ, ಬಾಲ್ಯವಿವಾಹದ ಅಪಾಯದಲ್ಲಿರುವ, ಮನೆಯೊಳಗೇ ಹಿಂಸೆಗೆ ಗುರಿಯಾದ ಮಕ್ಕಳನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳೆಂದು ಗುರುತಿಸಲಾಗುತ್ತದೆ. ಇಂತಹ ಮಕ್ಕಳಿಗಾಗಿ ರಾಜ್ಯದಲ್ಲಿ ಸರ್ಕಾರಿ ಬಾಲಮಂದಿರಗಳೂ, ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪಾಲನಾ ಗೃಹಗಳೂ ಕಾರ್ಯನಿರ್ವಹಿಸುತ್ತಿವೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ವ್ಯಾಪ್ತಿಯಲ್ಲಿ ಮಕ್ಕಳ ರಕ್ಷಣಾ ನಿರ್ದೇಶನಾಲಯವು ಈ ಕಾರ್ಯವನ್ನು ನಿರ್ವಹಿಸುತ್ತದೆ. ಜಿಲ್ಲಾ ಮಟ್ಟದಲ್ಲಿ ಈ ಹೊಣೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದಾಗಿರುತ್ತದೆ.

ಬಾಲಮಂದಿರದ ವಿಷಯವಾಗಿ ವಿಚಾರಿಸಲು ಬರುವವರಲ್ಲಿ ಅನೇಕರು ನಿಜಕ್ಕೂ ಬೇರೆಯದೇ ಸಹಾಯವನ್ನು ಬಯಸಿ ಬಂದವರಾಗಿರುತ್ತಾರೆ. ಪತಿಯ ಮರಣಾನಂತರ ಎರಡು ಮಕ್ಕಳೊಡನೆ ಕೂಲಿಗೆ ಹೋಗುವ ತಾಯಿ, ಮಗಳ ಸಾವಿನಿಂದ ಮೊಮ್ಮಕ್ಕಳ ಹೊಣೆ ಹೊತ್ತ ವೃದ್ಧೆ, ದೀರ್ಘಕಾಲದ ಕಾಯಿಲೆಯಿಂದ ಹಾಸಿಗೆ ಹಿಡಿದ ತಂದೆ ಮೊದಲಾದವರು ಮಗುವಿಗೆ ಊಟ, ಬಟ್ಟೆ, ಶಾಲೆ ದೊರೆಯಲೆಂಬ ಏಕೈಕ ಕಾರಣದಿಂದ ಮಗುವನ್ನು ಸಂಸ್ಥೆಗೆ ಒಪ್ಪಿಸಲು ಸಿದ್ಧರಾಗಿರುತ್ತಾರೆ. ಅಂತಹವರು ಮೊದಲು ತಿಳಿಯಬೇಕಾದ ಅಂಶವೆಂದರೆ, ಬಡತನವೊಂದೇ ಕಾರಣದಿಂದ ಮಗುವನ್ನು ತಾಯಿಯಿಂದ ಬೇರ್ಪಡಿಸುವುದು ಕಾನೂನಿನ ಆಶಯವಲ್ಲ. ಮಗುವನ್ನು ಮನೆಯಲ್ಲಿಯೇ ಉಳಿಸಿಕೊಂಡು ಸಾಕಲು ನೆರವು ನೀಡುವ ಕಾರ್ಯಕ್ರಮಗಳು ಇವೆ. ಅವುಗಳ ವಿವರವನ್ನು ಮುಂದೆ ನೀಡಲಾಗಿದೆ.

ಕಾನೂನಿನ ಹಿನ್ನೆಲೆ

ರಾಜ್ಯದಲ್ಲಿ 1964ರ ಕರ್ನಾಟಕ ಮಕ್ಕಳ ಅಧಿನಿಯಮವು ಜಾರಿಯಲ್ಲಿತ್ತು. ತದನಂತರ ದೇಶಕ್ಕೆಲ್ಲ ಅನ್ವಯವಾಗುವಂತೆ 1986ರಲ್ಲಿಯೂ, ಅದರ ಸ್ಥಾನದಲ್ಲಿ 2000ದಲ್ಲಿಯೂ ಬಾಲನ್ಯಾಯ ಕಾಯ್ದೆಗಳು ಬಂದವು. ಈಗ ಜಾರಿಯಲ್ಲಿರುವುದು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015. ಇದು 2016ರ ಜನವರಿ 15ರಿಂದ ಜಾರಿಗೆ ಬಂದಿತು. 2021ರಲ್ಲಿ ಇದಕ್ಕೆ ತರಲಾದ ತಿದ್ದುಪಡಿಗಳು 2022ರ ಸೆಪ್ಟೆಂಬರ್ 1ರಿಂದ ಜಾರಿಯಾಗಿದ್ದು, ಆ ಮೂಲಕ ಜಿಲ್ಲಾ ದಂಡಾಧಿಕಾರಿಗಳ ಹೊಣೆಗಾರಿಕೆಯನ್ನು ಹೆಚ್ಚಿಸಲಾಗಿದೆ.

ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಬೇಕು ಎಂಬ ತತ್ವವನ್ನು ಸದರಿ ಕಾಯ್ದೆಯ 3ನೇ ಪ್ರಕರಣದಲ್ಲಿಯೇ ಹೇಳಲಾಗಿದೆ. ಯಾವುದೇ ಮಕ್ಕಳ ಗೃಹದ ಪ್ರಧಾನ ಉದ್ದೇಶವು ಮಗುವನ್ನು ಕುಟುಂಬಕ್ಕೆ ಮರಳಿಸುವುದೇ ಆಗಿರತಕ್ಕದ್ದೆಂದು 40ನೇ ಪ್ರಕರಣವು ವಿಧಿಸುತ್ತದೆ. ವಿಶ್ವಸಂಸ್ಥೆಯ ಮಹಾಸಭೆಯು 2009ರಲ್ಲಿ ಅಂಗೀಕರಿಸಿದ ಬದಲಿ ಪಾಲನೆಯ ಮಾರ್ಗಸೂಚಿಯೂ ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳಿದ್ದು, ಬಡತನವು ಮಗುವನ್ನು ಬೇರ್ಪಡಿಸುವುದಕ್ಕೆ ಏಕಮಾತ್ರ ಸಮರ್ಥನೆಯಾಗಲಾರದು, ಅದು ಕುಟುಂಬಕ್ಕೆ ನೆರವು ಬೇಕೆಂಬುದರ ಸೂಚನೆ ಎಂದು ತಿಳಿಸುತ್ತದೆ.

ಈ ನಿಲುವು ಕೇವಲ ಭಾವನೆಯ ಮಾತಲ್ಲ. ರುಮೇನಿಯಾ ದೇಶದ ಬುಕಾರೆಸ್ಟ್ ನಗರದಲ್ಲಿ ಸಂಸ್ಥೆಗಳಲ್ಲಿ ಬೆಳೆಯುತ್ತಿದ್ದ 136 ಶಿಶುಗಳನ್ನು ಕುರಿತು ದೀರ್ಘಕಾಲದ ಅಧ್ಯಯನವೊಂದು ನಡೆಯಿತು. ಅವರಲ್ಲಿ ಅರ್ಧದಷ್ಟು ಶಿಶುಗಳನ್ನು ಸಾಕು ಕುಟುಂಬಗಳಿಗೆ ಕಳುಹಿಸಲಾಯಿತು. ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಸಂಸ್ಥೆಯಲ್ಲಿ ಉಳಿದವರಿಗಿಂತ ಉತ್ತಮವಾಗಿತ್ತು. ಎರಡು ವರ್ಷದೊಳಗೆ ಕುಟುಂಬ ಸೇರಿದವರಲ್ಲಿ ಈ ಪ್ರಯೋಜನ ಹೆಚ್ಚಾಗಿ ಕಂಡುಬಂದಿತು. ಆಹಾರ, ಔಷಧ, ಸ್ವಚ್ಛತೆ ಎಲ್ಲವೂ ಇದ್ದರೂ, ತನ್ನವರೆಂದು ಗುರುತಿಸಬಹುದಾದ ಒಬ್ಬ ಹಿರಿಯರ ನಿತ್ಯ ಸಾಮೀಪ್ಯವಿಲ್ಲದೆ ಶಿಶುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಪಾಳಿಯ ಮೇಲೆ ಬದಲಾಗುವ ಸಿಬ್ಬಂದಿ ಎಷ್ಟೇ ಅಕ್ಕರೆಯುಳ್ಳವರಾದರೂ ಆ ಕೊರತೆಯನ್ನು ಪೂರ್ಣವಾಗಿ ತುಂಬಲಾರರು.

ಬಾಲಮಂದಿರಕ್ಕೆ ಪ್ರವೇಶ ಅರ್ಜಿ ಇರುವುದಿಲ್ಲ

ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ ಸೇರುವಂತೆ ಬಾಲಮಂದಿರಕ್ಕೆ ಸೇರಲಾಗುವುದಿಲ್ಲ. ಬಾಲಮಂದಿರದ ಅಧೀಕ್ಷಕರಿಗೂ, ಇಲಾಖೆಯ ಇತರ ಅಧಿಕಾರಿಗಳಿಗೂ, ಶಿಫಾರಸು ಪತ್ರ ನೀಡುವ ಗಣ್ಯರಿಗೂ ಮಗುವನ್ನು ಸೇರಿಸಿಕೊಳ್ಳುವ ಅಧಿಕಾರವಿಲ್ಲ. ಆ ಅಧಿಕಾರ ಇರುವುದು ಮಕ್ಕಳ ಕಲ್ಯಾಣ ಸಮಿತಿಗೆ ಮಾತ್ರ. ಸಮಿತಿಯು ಒಬ್ಬ ಅಧ್ಯಕ್ಷರು ಹಾಗೂ ನಾಲ್ವರು ಸದಸ್ಯರನ್ನು ಒಳಗೊಂಡಿರುತ್ತದೆ. ಸದಸ್ಯರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಸಮಿತಿಗೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರಗಳನ್ನು ನೀಡಲಾಗಿದ್ದು, ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರತಕ್ಕದ್ದು. ಸಭೆ ಇಲ್ಲದ ವೇಳೆಯಲ್ಲಿ ಮಗುವನ್ನು ಯಾರೇ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು.

ಸಂಕಷ್ಟದಲ್ಲಿರುವ ಮಗುವನ್ನು ಕಂಡವರು ಯಾರೇ ಆಗಲಿ ಸಮಿತಿಯ ಮುಂದೆ ಕರೆತರಬಹುದು. ಪೊಲೀಸರು, ಶಿಕ್ಷಕರು, ವೈದ್ಯರು, ದಾದಿಯರು, ಅಂಗನವಾಡಿ ಕಾರ್ಯಕರ್ತೆಯರು, ನೆರೆಹೊರೆಯವರು ಅಷ್ಟೇ ಅಲ್ಲದೆ ಮಗು ತಾನಾಗಿಯೇ ಬಂದು ನಿಲ್ಲಲೂ ಅವಕಾಶವಿದೆ. ಪ್ರಯಾಣದ ಅವಧಿಯನ್ನು ಹೊರತುಪಡಿಸಿ 24 ಗಂಟೆಗಳ ಒಳಗೆ ಮಗುವನ್ನು ಹಾಜರುಪಡಿಸಬೇಕು. ಒಂಟಿಯಾಗಿ ಸಿಕ್ಕ ಮಗುವಿನ ವಿಷಯವನ್ನು ತಿಳಿಸದೆ ಮನೆಯಲ್ಲಿ ಇರಿಸಿಕೊಳ್ಳುವುದು, ಉದ್ದೇಶ ಒಳ್ಳೆಯದೇ ಇದ್ದರೂ, ಅಪರಾಧವಾಗುತ್ತದೆ. ಸಮಿತಿಯ ಕಚೇರಿ ಎಲ್ಲಿದೆ ಎಂಬುದು ತಿಳಿಯದಿದ್ದಲ್ಲಿ 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಸೇವೆಯ ನಿರ್ವಹಣೆಯನ್ನು 2023ರಲ್ಲಿ ರಾಜ್ಯ ಸರ್ಕಾರಗಳ ಮೂಲಕ ನಡೆಸುವ ವ್ಯವಸ್ಥೆಗೆ ಒಳಪಡಿಸಲಾಯಿತು. ಕರೆ ಉಚಿತ. ಕರೆ ಮಾಡುವವರು ಹೆಸರು ತಿಳಿಸಲೇಬೇಕೆಂಬ ನಿರ್ಬಂಧವಿಲ್ಲ.

ಜನನ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ ಇಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ. ವಯಸ್ಸಿನ ಬಗ್ಗೆ ಸಂದೇಹವಿದ್ದಲ್ಲಿ ಶಾಲಾ ದಾಖಲೆ, ಅದಿಲ್ಲದಿದ್ದಲ್ಲಿ ಸ್ಥಳೀಯ ಸಂಸ್ಥೆ ನೀಡಿದ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದಲ್ಲಿ ಮಾತ್ರ ವೈದ್ಯಕೀಯ ಪರೀಕ್ಷೆಯ ಮೂಲಕ ಸಮಿತಿಯೇ ನಿರ್ಧರಿಸುತ್ತದೆ.

ಸಮಿತಿಯು ಮಗುವನ್ನು ಮಾತನಾಡಿಸಿ, ತಾತ್ಕಾಲಿಕವಾಗಿ ಎಲ್ಲಿರಬೇಕೆಂದು ಆದೇಶಿಸಿ, ಸಾಮಾಜಿಕ ತನಿಖೆಗೆ ಸೂಚಿಸುತ್ತದೆ. ಈ ತನಿಖೆಯನ್ನು 15 ದಿನಗಳ ಒಳಗೆ ಮುಗಿಸಬೇಕು. ಮೊದಲ ಬಾರಿ ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳ ಒಳಗೆ ಅಂತಿಮ ಆದೇಶವಾಗಬೇಕು. ಅಂತಿಮ ಆದೇಶದ ಸಮಯದಲ್ಲಿ ಕನಿಷ್ಠ ಮೂವರು ಸದಸ್ಯರು ಹಾಜರಿರತಕ್ಕದ್ದು. ತನಿಖೆಗೆಂದು ಮನೆಗೆ ಬರುವ ಸಮಾಜ ಕಾರ್ಯಕರ್ತರನ್ನು ಕೆಲವರು ಪೊಲೀಸ್ ವಿಚಾರಣೆಯೆಂದು ಭಾವಿಸಿ ಹೆದರುವುದುಂಟು. ಮನೆಯಲ್ಲಿ ಯಾರಿದ್ದಾರೆ, ದುಡಿಯುವವರು ಯಾರು, ಮಗು ಶಾಲೆಗೆ ಹೋಗುತ್ತಿತ್ತೇ, ಅಜ್ಜಿ ಅಥವಾ ಸೋದರಮಾವ ನೋಡಿಕೊಳ್ಳಬಲ್ಲರೇ ಎಂಬುದನ್ನು ತಿಳಿಯುವುದಷ್ಟೇ ಅದರ ಉದ್ದೇಶ. ಮಗು ಮನೆಗೆ ಮರಳುವುದೇ, ಇಲ್ಲವೇ ಎಂಬುದು ಬಹುಮಟ್ಟಿಗೆ ಈ ವರದಿಯನ್ನು ಅವಲಂಬಿಸಿರುವುದರಿಂದ, ಕುಟುಂಬದವರು ಕಷ್ಟಗಳನ್ನು ಮರೆಮಾಚದೆ ಹೇಳುವುದು ಅವರ ಹಿತಕ್ಕೇ ಒಳ್ಳೆಯದು. ಸಾಲ, ಮದ್ಯಪಾನ, ಕಾಯಿಲೆ ಇವುಗಳನ್ನು ಹೇಳಿಕೊಂಡರೆ ಮಗುವನ್ನು ಕಸಿದುಕೊಳ್ಳುತ್ತಾರೆಂಬ ಭಯ ಸಾಮಾನ್ಯವಾದರೂ, ಯಾವ ನೆರವು ಬೇಕೆಂಬುದು ತಿಳಿಯುವುದು ಇವುಗಳಿಂದಲೇ.

ಅಂತಿಮ ಆದೇಶವೆಂದರೆ ಬಾಲಮಂದಿರ ಎಂದೇ ಅರ್ಥವಲ್ಲ. ಮಗುವನ್ನು ಮೇಲ್ವಿಚಾರಣೆಯೊಡನೆ ಮನೆಗೆ ಮರಳಿಸುವುದು, ಯೋಗ್ಯ ವ್ಯಕ್ತಿಯೊಬ್ಬರ ಪಾಲನೆಗೆ ಒಪ್ಪಿಸುವುದು, ಪ್ರಾಯೋಜಕತ್ವದ ನೆರವು ಮಂಜೂರು ಮಾಡಲು ಆದೇಶಿಸುವುದು, ಪೋಷಕತ್ವ ಕುಟುಂಬಕ್ಕೆ ನೀಡುವುದು ಇವೆಲ್ಲವೂ ಸಮಿತಿಯ ಅಧಿಕಾರದಲ್ಲಿವೆ. ಮಗು ಬೇರೆ ಜಿಲ್ಲೆಯದಾಗಿದ್ದರೆ ಆ ಜಿಲ್ಲೆಯ ಸಮಿತಿಗೆ ವರ್ಗಾಯಿಸಲಾಗುತ್ತದೆ.

ಪ್ರಾಯೋಜಕತ್ವ ಕಾರ್ಯಕ್ರಮ

ಮಗು ತನ್ನ ಮನೆಯಲ್ಲಿಯೇ ಇದ್ದು ಶಾಲೆಗೆ ಹೋಗುವಂತಾಗಲು ಕುಟುಂಬಕ್ಕೆ ಮಾಸಿಕ ಧನಸಹಾಯ ನೀಡುವ ಕಾರ್ಯಕ್ರಮವಿದು. ಬಾಲಮಂದಿರವನ್ನು ವಿಚಾರಿಸಿ ಬರುವ ತಾಯಂದಿರಲ್ಲಿ ಹೆಚ್ಚಿನವರಿಗೆ ಅನ್ವಯವಾಗಬಹುದಾದದ್ದು ಇದೇ ಆದರೂ, ಇದರ ಬಗ್ಗೆ ತಿಳಿದವರು ಕಡಿಮೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯ ಅನ್ವಯ ಪ್ರತಿ ಮಗುವಿಗೆ ತಿಂಗಳಿಗೆ ರೂ. 4,000 ನಿಗದಿಯಾಗಿದೆ. ಇದಕ್ಕೆ ಮೊದಲು ಜಾರಿಯಲ್ಲಿದ್ದ ಯೋಜನೆಯಲ್ಲಿ ಈ ಮೊತ್ತ ರೂ. 2,000 ಆಗಿತ್ತು.

ತಾಯಿ ವಿಧವೆಯಾಗಿರುವ, ವಿಚ್ಛೇದಿತೆಯಾಗಿರುವ ಅಥವಾ ಕುಟುಂಬದಿಂದ ತೊರೆಯಲ್ಪಟ್ಟಿರುವ ಮಕ್ಕಳು, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಬಂಧುಗಳ ಮನೆಯಲ್ಲಿರುವ ಮಕ್ಕಳು, ಪೋಷಕರು ಮಾರಣಾಂತಿಕ ಕಾಯಿಲೆಗೆ ತುತ್ತಾದ ಅಥವಾ ಅಪಘಾತದಿಂದ ದುಡಿಯಲಾಗದ ಸ್ಥಿತಿಯಲ್ಲಿರುವ ಮಕ್ಕಳು ಇದಕ್ಕೆ ಪರಿಗಣಿತರಾಗುತ್ತಾರೆ. ದುಡಿಮೆಯಿಂದ ಬಿಡಿಸಲ್ಪಟ್ಟ, ಬಾಲ್ಯವಿವಾಹದಿಂದ ರಕ್ಷಿಸಲ್ಪಟ್ಟ, ಎಚ್.ಐ.ವಿ. ಬಾಧಿತ, ವಿಕಲತೆಯುಳ್ಳ ಮಕ್ಕಳಿಗೂ ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ ರೂ. 72,000ವನ್ನೂ ಇತರ ಪ್ರದೇಶಗಳಲ್ಲಿ ರೂ. 96,000ವನ್ನೂ ಮೀರಿರಬಾರದು. ಬಾಲಮಂದಿರದಲ್ಲಿ ಈಗಾಗಲೇ ಇರುವ ಮಗುವನ್ನು ಮನೆಗೆ ಕರೆದೊಯ್ಯಲು ಬಯಸುವ, ಆದರೆ ಖರ್ಚಿಗೆ ಅಂಜುವ ಕುಟುಂಬಗಳಿಗೂ ಇದೇ ನೆರವು ದೊರೆಯಬಹುದು ಎಂಬುದು ವಿಶೇಷವಾಗಿ ಗಮನಿಸಬೇಕಾದ ಅಂಶ.

ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ಅಲ್ಲಿ ಅಸಾಂಸ್ಥಿಕ ಸೇವೆಗಳ ರಕ್ಷಣಾಧಿಕಾರಿಯವರು ಇದರ ಹೊಣೆ ಹೊತ್ತಿರುತ್ತಾರೆ. ಜಿಲ್ಲಾ ಕೇಂದ್ರ ದೂರವೆನಿಸುವವರು ತಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಮೊದಲು ವಿಚಾರಿಸಬಹುದು. ಮಗುವಿನ ಮತ್ತು ಪೋಷಕರ ಆಧಾರ್, ಪಡಿತರ ಚೀಟಿ, ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು. ಪೋಷಕರು ಮೃತಪಟ್ಟಿದ್ದಲ್ಲಿ ಮರಣ ಪ್ರಮಾಣಪತ್ರವನ್ನೂ, ಕಾಯಿಲೆಯ ಕಾರಣವಿದ್ದಲ್ಲಿ ವೈದ್ಯಕೀಯ ದಾಖಲೆಯನ್ನೂ ಲಗತ್ತಿಸಬೇಕು. ಹಲವು ಅರ್ಜಿಗಳು ತಡವಾಗುವುದು ಮರಣ ಪ್ರಮಾಣಪತ್ರದ ಕಾರಣದಿಂದ. ಮರಣವನ್ನು ನೋಂದಾಯಿಸದೆ ವರ್ಷಗಳು ಕಳೆದಿದ್ದರೆ ಅದನ್ನು ಪಡೆಯುವ ಕ್ರಮ ದೀರ್ಘವಾಗುತ್ತದೆ. ಆದುದರಿಂದ ಮನೆಯಲ್ಲಿ ಸಾವು ಸಂಭವಿಸಿದಾಗ 21 ದಿನಗಳ ಒಳಗೆ ನೋಂದಣಿ ಮಾಡಿಸುವುದನ್ನು ಬಂಧುಗಳು ಮರೆಯಬಾರದು.

ಮನೆ ಭೇಟಿಯ ವರದಿಯ ನಂತರ ಅರ್ಜಿಯು ಜಿಲ್ಲಾ ದಂಡಾಧಿಕಾರಿಗಳ ಅಧ್ಯಕ್ಷತೆಯ ಪ್ರಾಯೋಜಕತ್ವ ಮತ್ತು ಪೋಷಕತ್ವ ಅನುಮೋದನಾ ಸಮಿತಿಯ ಮುಂದೆ ಬರುತ್ತದೆ. ಮಂಜೂರಾತಿಯು ಅನುದಾನದ ಲಭ್ಯತೆಗೆ ಒಳಪಟ್ಟಿರುವುದರಿಂದ ಅರ್ಹರಾದ ಎಲ್ಲರಿಗೂ ಕೂಡಲೇ ದೊರೆಯುವುದೆಂದು ಹೇಳಲಾಗದು. ಅರ್ಜಿ ಸಲ್ಲಿಸಿದ ದಿನಾಂಕವಿರುವ ಸ್ವೀಕೃತಿಯನ್ನು ಪಡೆದು ಜೋಪಾನವಾಗಿರಿಸಿಕೊಳ್ಳುವುದು ಒಳಿತು. ಮಂಜೂರಾದ ಮೊತ್ತವು ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಶಾಲಾ ವಯಸ್ಸಿನ ಮಗು ಶಾಲೆಗೆ ಸರಿಯಾಗಿ ಹೋಗದಿದ್ದಲ್ಲಿ ಸಹಾಯವನ್ನು ತಡೆಹಿಡಿಯಲು ಅವಕಾಶವಿದ್ದು, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಇದರಿಂದ ವಿನಾಯಿತಿ ಇದೆ.

ಕೋವಿಡ್ ಸಾಂಕ್ರಾಮಿಕದಲ್ಲಿ ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳಿಗೆಂದು 2021ರ ಮೇ ತಿಂಗಳಿನಲ್ಲಿ ಪ್ರತ್ಯೇಕ ಯೋಜನೆಗಳನ್ನು ಘೋಷಿಸಲಾಗಿತ್ತು. ರಾಜ್ಯದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಡಿ ಮಾಸಿಕ ರೂ. 3,500 ಹಾಗೂ ಕೇಂದ್ರದ ಪಿ.ಎಂ. ಕೇರ್ಸ್ ಮಕ್ಕಳ ಯೋಜನೆಯಡಿ ರೂ. 10 ಲಕ್ಷದ ನಿಧಿಯನ್ನು ನಿಗದಿಪಡಿಸಲಾಯಿತು. ಈ ಯೋಜನೆಗಳಲ್ಲಿ ನೋಂದಾಯಿತರಾಗಿರುವ ಮಕ್ಕಳ ಪೋಷಕರು ವಿಳಾಸ ಅಥವಾ ಖಾತೆ ಬದಲಾದಲ್ಲಿ ಜಿಲ್ಲಾ ಘಟಕಕ್ಕೆ ತಿಳಿಸಬೇಕು.

ಬೇರೆ ದಾರಿಗಳು

ಸಮಸ್ಯೆ ವಿದ್ಯಾಭ್ಯಾಸದ್ದು ಮಾತ್ರವಾಗಿದ್ದರೆ ಸಮಿತಿಯ ಮುಂದೆ ಹೋಗುವ ಅಗತ್ಯವೇ ಇಲ್ಲ. ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿನಿಲಯಗಳು, ಆರನೇ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದಾದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಹೆಣ್ಣುಮಕ್ಕಳಿಗಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಇವೆ. ಇಲ್ಲಿ ಸೇರಿದ ಮಗು ರಜೆಗೆ ಮನೆಗೆ ಬರುತ್ತದೆ, ಪೋಷಕರ ಹಕ್ಕಿಗೆ ಯಾವ ಬಾಧೆಯೂ ಇರುವುದಿಲ್ಲ. ಚಿಕ್ಕ ಮಗುವನ್ನು ಬಿಟ್ಟು ಕೂಲಿಗೆ ಹೋಗಲಾಗದಿರುವುದೇ ತೊಡಕಾಗಿದ್ದರೆ ಅಂಗನವಾಡಿಯನ್ನೂ, ದುಡಿಯುವ ತಾಯಂದಿರ ಮಕ್ಕಳಿಗೆಂದು 2023-24ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಿ ಗ್ರಾಮ ಪಂಚಾಯತಿಗಳಲ್ಲಿ ಆರಂಭಿಸಲಾದ ಕೂಸಿನ ಮನೆಯನ್ನೂ ವಿಚಾರಿಸಬಹುದು. ವಿಧವಾ ವೇತನ, ಅಂಗವಿಕಲರ ಮಾಸಾಶನ ಇವುಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು.

ಸ್ವಂತ ಕುಟುಂಬಕ್ಕೆ ಮರಳಲಾಗದ, ಆದರೆ ದತ್ತು ನೀಡಲೂ ಆಗದ ಮಕ್ಕಳಿಗೆ ಪೋಷಕತ್ವ ಕಾರ್ಯಕ್ರಮವಿದೆ. ಸಮಿತಿಯು ಪರಿಶೀಲಿಸಿ ಒಪ್ಪಿದ ಕುಟುಂಬವೊಂದು ಮಗುವನ್ನು ತಾತ್ಕಾಲಿಕವಾಗಿ ಸಾಕುತ್ತದೆ. ಮಗುವಿನ ವೆಚ್ಚಕ್ಕೆ ಇಲ್ಲಿಯೂ ಮಾಸಿಕ ರೂ. 4,000 ನಿಗದಿಯಾಗಿದೆ. 2024ರ ಮಾದರಿ ಮಾರ್ಗಸೂಚಿಯ ನಂತರ ಒಂಟಿ ವ್ಯಕ್ತಿಗಳಿಗೂ ಇದಕ್ಕೆ ಅವಕಾಶ ದೊರೆತಿದೆ.

ಬಾಲಮಂದಿರದಲ್ಲಿ ಮಗು

ಎಲ್ಲ ದಾರಿಗಳೂ ಮುಚ್ಚಿದಾಗ, ಅಥವಾ ಮನೆಯೇ ಮಗುವಿಗೆ ಅಪಾಯಕಾರಿಯಾದಾಗ, ಬಾಲಮಂದಿರವೇ ಸರಿಯಾದ ಸ್ಥಳ. ಅದನ್ನು ಹಳೆಯ ವಾಡಿಕೆಯಂತೆ ರಿಮ್ಯಾಂಡ್ ಹೋಮ್ ಎಂದು ಕರೆಯುವುದು, ಜೈಲಿಗೆ ಹೋಲಿಸುವುದು ತಪ್ಪು. ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳನ್ನು ಬಾಲನ್ಯಾಯ ಮಂಡಳಿಯ ಆದೇಶದ ಮೇರೆಗೆ ಇರಿಸುವ ವೀಕ್ಷಣಾಲಯಗಳೇ ಬೇರೆ, ಬಾಲಮಂದಿರಗಳೇ ಬೇರೆ. ಆರು ವರ್ಷದೊಳಗಿನವರಿಗೆ ಶಿಶುಮಂದಿರ ಹಾಗೂ ವಿಶೇಷ ದತ್ತು ಸಂಸ್ಥೆಗಳಿವೆ. ಬೀದಿಯಲ್ಲಿ ದುಡಿಯುವ ಅಥವಾ ಅಲೆಯುವ ಮಕ್ಕಳಿಗೆ ಅಲ್ಪಾವಧಿಯ ಆಶ್ರಯಕ್ಕೆಂದು ತೆರೆದ ತಂಗುದಾಣಗಳಿವೆ.

ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆಯೊಂದನ್ನು ಬರೆದಿಡಲಾಗುತ್ತದೆ. ಆರೋಗ್ಯ, ವ್ಯಾಸಂಗ, ಮನಸ್ಸಿನ ಸ್ಥಿತಿ, ಕುಟುಂಬದೊಡನೆ ಸಂಪರ್ಕ, ಯಾವಾಗ ಹೇಗೆ ಮನೆಗೆ ಮರಳಬಹುದು ಎಂಬಿತ್ಯಾದಿ ವಿವರಗಳು ಅದರಲ್ಲಿರಬೇಕು. ತಮ್ಮ ಮಗುವಿನ ಯೋಜನೆಯಲ್ಲಿ ಏನಿದೆ ಎಂದು ಪೋಷಕರು ಕೇಳಬಹುದು, ಕೇಳಲೂಬೇಕು. ಮಗು ಹತ್ತಿರದ ಶಾಲೆಗೆ ಹೋಗುತ್ತದೆ. ಮಕ್ಕಳದೇ ಸಮಿತಿಗಳು, ಸಲಹಾ ಪೆಟ್ಟಿಗೆ, ಆಪ್ತ ಸಮಾಲೋಚನೆ ಇವು ನಿಯಮಗಳಲ್ಲಿ ಹೇಳಲಾದ ಸೌಲಭ್ಯಗಳು. ಜಿಲ್ಲೆಯ ತಪಾಸಣಾ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಸಂಸ್ಥೆಗೂ ಭೇಟಿ ನೀಡಬೇಕು.

ಪೋಷಕರ ಭೇಟಿ ಮಗುವಿಗೆ ಔಷಧಕ್ಕಿಂತ ದೊಡ್ಡದು. ಭೇಟಿಯ ದಿನ ಮತ್ತು ಸಮಯವನ್ನು ಅಧೀಕ್ಷಕರಿಂದ ತಿಳಿದುಕೊಳ್ಳಬೇಕು. ಬರುವುದಾಗಿ ಹೇಳಿ ಬಾರದಿದ್ದಲ್ಲಿ ಮಗು ಆ ದಿನವೆಲ್ಲ ಬಾಗಿಲ ಕಡೆ ನೋಡುತ್ತಿರುತ್ತದೆ ಎಂಬುದನ್ನು ನೆನಪಿಡಬೇಕು. ಬರಲಾಗದಿದ್ದರೆ ದೂರವಾಣಿ ಮಾಡಿ ತಿಳಿಸುವುದು ಅಗತ್ಯ. ಮನೆಯಲ್ಲಿ ಮದುವೆ, ಬಂಧುಗಳ ಮರಣ, ತಂದೆ ಅಥವಾ ತಾಯಿಯ ತೀವ್ರ ಅನಾರೋಗ್ಯ, ಪರೀಕ್ಷೆ ಇಂತಹ ಸಂದರ್ಭಗಳಲ್ಲಿ ಪ್ರಯಾಣದ ಕಾಲವನ್ನು ಬಿಟ್ಟು ಸಾಮಾನ್ಯವಾಗಿ ಒಮ್ಮೆಗೆ ಏಳು ದಿನಗಳವರೆಗೆ ಮಗುವನ್ನು ರಜೆಯ ಮೇಲೆ ಕಳುಹಿಸಲು ಕಾಯ್ದೆಯ 98ನೇ ಪ್ರಕರಣದಲ್ಲಿ ಅವಕಾಶವಿದೆ. ಅನುಮತಿಯನ್ನು ಸಮಿತಿಯಿಂದ ಪಡೆಯಬೇಕು.

ಕುಟುಂಬದ ಸ್ಥಿತಿ ಸುಧಾರಿಸಿದ ಮೇಲೆ ಮಗುವನ್ನು ಮರಳಿ ಪಡೆಯಲು ಸಮಿತಿಗೆ ಬಿಳಿ ಹಾಳೆಯಲ್ಲಿ ಮನವಿ ಬರೆದುಕೊಟ್ಟರೆ ಸಾಕು. ಸಮಿತಿಯು ಮನೆಯ ಸ್ಥಿತಿಯ ವರದಿ ತರಿಸಿಕೊಂಡು, ಮಗುವಿನ ಇಚ್ಛೆಯನ್ನೂ ಕೇಳಿ ತೀರ್ಮಾನಿಸುತ್ತದೆ. ಹದಿನೆಂಟು ತುಂಬಿ ಹೊರಬರುವವರಿಗೆ ವಿದ್ಯಾಭ್ಯಾಸ, ವಸತಿ, ವೃತ್ತಿ ತರಬೇತಿಗೆ ಅನುಪಾಲನಾ ಸೇವೆಯಿದ್ದು, ಸಾಮಾನ್ಯವಾಗಿ 21 ವರ್ಷದವರೆಗೆ ಅದು ದೊರೆಯುತ್ತದೆ. ಇದಕ್ಕಾಗಿ ಹೊರಡುವ ದಿನದವರೆಗೆ ಕಾಯದೆ ಮುಂಚಿತವಾಗಿಯೇ ಜಿಲ್ಲಾ ಘಟಕವನ್ನು ಸಂಪರ್ಕಿಸಬೇಕು.

ಮಗುವನ್ನು ಒಪ್ಪಿಸುವ ಮುನ್ನ

ತಾವು ನಿಯಂತ್ರಿಸಲಾಗದ ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಗಳಿಂದ ಮಗುವನ್ನು ಶಾಶ್ವತವಾಗಿ ಬಿಟ್ಟುಕೊಡಬೇಕೆಂದು ನಿಶ್ಚಯಿಸುವ ತಂದೆ ತಾಯಿಯರಿಗೆ ಕಾಯ್ದೆಯ 35ನೇ ಪ್ರಕರಣವು ಗೌರವಯುತವಾದ ದಾರಿಯನ್ನು ತೋರಿಸಿದೆ. ಸಮಿತಿಯ ಮುಂದೆ ಹಾಜರಾಗಬೇಕು. ಸಮಿತಿಯು ಮೊದಲು ವಿಚಾರಣೆ ಮತ್ತು ಆಪ್ತ ಸಮಾಲೋಚನೆ ನಡೆಸುತ್ತದೆ. ಆ ಬಳಿಕವೂ ನಿರ್ಧಾರ ಬದಲಾಗದಿದ್ದಲ್ಲಿ ಒಪ್ಪಿಸುವಿಕೆಯ ಪತ್ರಕ್ಕೆ ಸಹಿ ಪಡೆಯಲಾಗುತ್ತದೆ. ಪುನರಾಲೋಚನೆಗೆ ಎರಡು ತಿಂಗಳ ಕಾಲಾವಕಾಶವಿದೆ. ಆ ಅವಧಿಯಲ್ಲಿ ಮನಸ್ಸು ಬದಲಾದಲ್ಲಿ ಮಗುವನ್ನು ಮರಳಿ ಪಡೆಯಲು ಕೋರಬಹುದು. ಅವಧಿ ಮುಗಿದ ಮೇಲೆ ಮಗು ದತ್ತುವಿಗೆ ಅರ್ಹವೆಂದು ಘೋಷಿತವಾಗಬಹುದು. ಒಮ್ಮೆ ದತ್ತು ಆದೇಶವಾದರೆ ಜನ್ಮ ನೀಡಿದವರ ಹಕ್ಕು ಉಳಿಯುವುದಿಲ್ಲ. ಆದುದರಿಂದ ಕೆಲವು ವರ್ಷ ಬಿಟ್ಟು ಕರೆದುಕೊಂಡು ಹೋಗುವ ಯೋಚನೆಯುಳ್ಳವರು ಯಾವ ಕಾರಣಕ್ಕೂ ಈ ಪತ್ರಕ್ಕೆ ಸಹಿ ಹಾಕಬಾರದು. ಪತ್ರವನ್ನು ಓದಿಸಿ ಕೇಳಿ, ಅರ್ಥವಾಗದ್ದನ್ನು ಮತ್ತೊಮ್ಮೆ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಮಗುವನ್ನು ಆಸ್ಪತ್ರೆಯಲ್ಲಾಗಲಿ ಬಸ್ ನಿಲ್ದಾಣದಲ್ಲಾಗಲಿ ಬಿಟ್ಟು ಹೋಗುವುದು ಭಾರತೀಯ ನ್ಯಾಯ ಸಂಹಿತೆಯ 93ನೇ ಪ್ರಕರಣದಡಿ ದಂಡನೀಯ. ಹಣ ಪಡೆದು ಅಥವಾ ಪಡೆಯದೆಯೂ ನೇರವಾಗಿ ಮತ್ತೊಬ್ಬರಿಗೆ ಮಗುವನ್ನು ದತ್ತುವಿಗೆಂದು ಕೊಡುವುದಕ್ಕೂ, ಪಡೆಯುವುದಕ್ಕೂ ಬಾಲನ್ಯಾಯ ಕಾಯ್ದೆಯಲ್ಲಿ ಶಿಕ್ಷೆಯಿದೆ. ಮಗುವನ್ನು ಮಾರಿದಲ್ಲಿ ಅಥವಾ ಕೊಂಡಲ್ಲಿ ಐದು ವರ್ಷಗಳವರೆಗೆ ಕಠಿಣ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿ ದಂಡ ವಿಧಿಸಬಹುದು. ಸಂಬಂಧಿಕರೊಳಗೆ ಕಾನೂನುಬದ್ಧವಾಗಿ ದತ್ತು ಕೊಡುವ ಕ್ರಮವೇ ಬೇರೆಯಾಗಿದ್ದು, ಅದನ್ನು ಜಿಲ್ಲಾ ಘಟಕದಲ್ಲಿ ವಿಚಾರಿಸಿ ತಿಳಿಯಬೇಕು.

ಖಾಸಗಿ ಸಂಸ್ಥೆಗಳ ವಿಷಯದಲ್ಲಿ

ಉಚಿತ ವಸತಿ, ಆಂಗ್ಲ ಮಾಧ್ಯಮ ಶಿಕ್ಷಣ ಎಂಬ ಆಶ್ವಾಸನೆಯೊಡನೆ ಹಳ್ಳಿಗಳಿಂದ ಮಕ್ಕಳನ್ನು ದೂರದ ನಗರಗಳಿಗೆ ಕರೆದೊಯ್ಯುವ ಮಧ್ಯವರ್ತಿಗಳ ಬಗ್ಗೆ ಎಚ್ಚರ ವಹಿಸಬೇಕು. ಅನಾಥಾಶ್ರಮ, ನಿಲಯ, ಧರ್ಮಾರ್ಥ ಕೇಂದ್ರ ಎಂಬ ಯಾವುದೇ ಹೆಸರಿರಲಿ, ಸರ್ಕಾರದ ಅನುದಾನ ಪಡೆಯಲಿ ಪಡೆಯದಿರಲಿ, ಇಂತಹ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿ ಸಂಸ್ಥೆಯೂ 41ನೇ ಪ್ರಕರಣದಡಿ ನೋಂದಣಿ ಮಾಡಿಸಿರಬೇಕು. ತಮಿಳುನಾಡಿನ ಅನಾಥಾಲಯಗಳ ಮಕ್ಕಳ ಶೋಷಣೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಮೇ 5ರಂದು ನೀಡಿದ ತೀರ್ಪಿನಲ್ಲಿ ದೇಶದ ಎಲ್ಲ ಸಂಸ್ಥೆಗಳನ್ನೂ ಆ ವರ್ಷಾಂತ್ಯದೊಳಗೆ ನೋಂದಾಯಿಸಲು ಆದೇಶಿಸಿತ್ತು. ನೋಂದಣಿ ಐದು ವರ್ಷಗಳ ಅವಧಿಗೆ ಇರುತ್ತದೆ. ಆದುದರಿಂದ ಪ್ರಮಾಣಪತ್ರವನ್ನು ತೋರಿಸಿದರಷ್ಟೇ ಸಾಲದು, ಅದರ ಮೇಲಿನ ದಿನಾಂಕವನ್ನೂ ನೋಡಬೇಕು. ನೋಂದಣಿಯಿಲ್ಲದೆ ನಡೆಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಸಮಿತಿಯ ಆದೇಶವಿಲ್ಲದೆ ಮಗುವನ್ನು ಸೇರಿಸಿಕೊಳ್ಳಲು ಸಿದ್ಧವಿರುವ ಸಂಸ್ಥೆಯು ಅದೇ ಕಾರಣದಿಂದ ಸಂದೇಹಕ್ಕೆ ಅರ್ಹ.

ಶುಲ್ಕ, ದೂರು ಮತ್ತು ಮೇಲ್ಮನವಿ

ಮೇಲೆ ವಿವರಿಸಿದ ಸಮಿತಿಯ ಹಾಗೂ ಜಿಲ್ಲಾ ಘಟಕದ ಯಾವ ಸೇವೆಗೂ ಶುಲ್ಕವಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಕಾರ್ಯವೈಖರಿಯ ಬಗ್ಗೆ ದೂರುಗಳಿದ್ದಲ್ಲಿ ಜಿಲ್ಲಾ ದಂಡಾಧಿಕಾರಿಗಳಿಗೆ ಸಲ್ಲಿಸಬಹುದು. ಸಮಿತಿಯ ಆದೇಶದಿಂದ ಬಾಧಿತರಾದವರು 30 ದಿನಗಳ ಒಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪ್ರಾಯೋಜಕತ್ವ, ಪೋಷಕತ್ವ, ಅನುಪಾಲನೆಗೆ ಸಂಬಂಧಿಸಿದ ತೀರ್ಮಾನಗಳ ಮೇಲಿನ ಮನವಿಯು ಜಿಲ್ಲಾ ದಂಡಾಧಿಕಾರಿಗಳ ಮುಂದೆ ಬರುತ್ತದೆ. ವಕೀಲರನ್ನು ನೇಮಿಸಿಕೊಳ್ಳಲಾಗದವರು ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ದೊರೆಯುತ್ತದೆ.

ಸಂಸ್ಥೆಯಲ್ಲಿರುವ ಮಕ್ಕಳ ಹೆಸರು, ಭಾವಚಿತ್ರ, ಶಾಲೆಯ ವಿವರಗಳನ್ನು ಪತ್ರಿಕೆಗಳಲ್ಲಾಗಲಿ ಸಾಮಾಜಿಕ ಜಾಲತಾಣಗಳಲ್ಲಾಗಲಿ ಪ್ರಕಟಿಸುವುದನ್ನು 74ನೇ ಪ್ರಕರಣವು ನಿಷೇಧಿಸಿದೆ. ಹುಟ್ಟುಹಬ್ಬದ ಪ್ರಯುಕ್ತ ಬಾಲಮಂದಿರದಲ್ಲಿ ಊಟ ಹಂಚಲು ಬರುವ ದಾನಿಗಳಿಗೂ ಇದು ಅನ್ವಯಿಸುತ್ತದೆ. ಮಕ್ಕಳೊಡನೆ ಛಾಯಾಚಿತ್ರ ತೆಗೆಸಿಕೊಳ್ಳಲು ಅಧೀಕ್ಷಕರು ನಿರಾಕರಿಸಿದಲ್ಲಿ ಅದು ಅವರ ಕರ್ತವ್ಯವೆಂದು ತಿಳಿಯಬೇಕು.